ಹೊಸ ಕೌನ್ಸೆಲರ್‌ಗಳು ಪದೇ ಪದೇ ಕೇಳುವ ಪ್ರಶ್ನೆಗಳು: ತರಬೇತಿ, ಸೂಪರ್‌ವಿಷನ್ ಮತ್ತು ಮೊದಲ ಕೆಲವು ವರ್ಷಗಳು

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಸೈಕಾಲಜಿ ಅಥವಾ ಸಮಾಜಕಾರ್ಯ ಓದಿ ಕೌನ್ಸೆಲಿಂಗ್‌ಗೆ ಇಳಿಯುವವರಿಗಾಗಿ ಇದನ್ನು ಬರೆದಿದ್ದೇನೆ. ಹೊಸಬರ ಜೊತೆ ಕೂತು ಅವರ ಕೇಸುಗಳನ್ನು ನೋಡುವುದು, ಅಂದರೆ ಸೂಪರ್‌ವಿಷನ್, ನನ್ನ ಕೆಲಸದ ಒಂದು ಭಾಗ. ಒಂದೇ ಥರದ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಇಲ್ಲಿರುವ ಉದಾಹರಣೆಗಳನ್ನು ಯಾರ ಗುರುತೂ ಸಿಗದ ಹಾಗೆ ಬದಲಿಸಿ, ಕೂಡಿಸಿ ಬರೆದಿದ್ದೇನೆ.

ಎಂ.ಎ. ಸೈಕಾಲಜಿ ಮುಗಿದಿದೆ. ಈಗಲೇ ಕ್ಲೈಂಟ್‌ಗಳನ್ನು ನೋಡಬಹುದಾ?

ನೋಡಬಹುದು, ಆದರೆ ಒಬ್ಬರೇ ಅಲ್ಲ. ಎಂ.ಎ.ಯಲ್ಲಿ ಓದಿದ್ದು ಮನಸ್ಸಿನ ಬಗ್ಗೆ. ಎದುರಿಗೆ ಕೂತು ಅಳುತ್ತಿರುವ ಮನುಷ್ಯನ ಜೊತೆ ಹೇಗಿರಬೇಕು ಅನ್ನುವುದು ಬೇರೆ ಕಲಿಕೆ. ಅದು ಕ್ಲೈಂಟ್‌ಗಳ ಜೊತೆ ಕೆಲಸ ಮಾಡುತ್ತಲೇ ಬರುತ್ತದೆ, ಆದರೆ ಆ ಕೆಲಸವನ್ನು ಇನ್ನೊಬ್ಬರು ನೋಡುತ್ತಿದ್ದಾಗ ಮಾತ್ರ. ಎಂ.ಎ. ಮುಗಿದ ತಿಂಗಳಲ್ಲೇ ಬಾಡಿಗೆಗೆ ರೂಮು ಹಿಡಿದು ಬೋರ್ಡು ಹಾಕಬೇಡಿ ಅಂತ ನಾನು ನೇರವಾಗಿಯೇ ಹೇಳುತ್ತೇನೆ. ಆಸ್ಪತ್ರೆ, ಕಾಲೇಜಿನ ಕೌನ್ಸೆಲಿಂಗ್ ಕೇಂದ್ರ, ಒಳ್ಳೆಯ ಸಂಸ್ಥೆ, ಎಲ್ಲಾದರೂ ಸರಿ, ನಿಮಗಿಂತ ಹಿರಿಯರು ಪಕ್ಕದ ಕೋಣೆಯಲ್ಲಿರುವ ಕಡೆ ಶುರು ಮಾಡಿ.

ನನ್ನನ್ನು ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಕರೆದುಕೊಳ್ಳಬಹುದಾ?

ಎಂ.ಎ. ಒಂದರಿಂದಲೇ ಆಗುವುದಿಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಅನ್ನಿಸಿಕೊಳ್ಳಬೇಕಾದರೆ ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಆರ್‌ಸಿಐ, ಒಪ್ಪಿದ ಕೋರ್ಸ್ ಮಾಡಿ ಅಲ್ಲಿ ಹೆಸರು ನೋಂದಾಯಿಸಿರಬೇಕು. ಇದು 1992ರ ಕಾಯ್ದೆಯಿಂದ ಬಂದದ್ದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕ್ಲಿನಿಕಲ್ ಸೈಕಾಲಜಿಸ್ಟ್ ಯಾರು ಅಂತ ವಿವರಿಸುವಾಗ, ಆರ್‌ಸಿಐ ಒಪ್ಪಿದ ಅರ್ಹತೆ ಇರಬೇಕು, ಇಲ್ಲವೇ ಸೈಕಾಲಜಿಯ ಸ್ನಾತಕೋತ್ತರ ಪದವಿಯ ಜೊತೆ ಮೇಲ್ವಿಚಾರಣೆಯಡಿ ಕ್ಲಿನಿಕಲ್ ತರಬೇತಿ ಇರುವ ಎರಡು ವರ್ಷದ ಎಂ.ಫಿಲ್ ಇರಬೇಕು ಅನ್ನುತ್ತದೆ. ಹಿರಿಯರ ಕಣ್ಣಳತೆಯಲ್ಲಿ ಕಲಿಯುವುದು ಬರೀ ಸಂಪ್ರದಾಯ ಅಂದುಕೊಳ್ಳಬೇಡಿ, ಕಾನೂನಿನಲ್ಲೇ ಇದೆ.

ಸುಮ್ನೆ 'ಕೌನ್ಸೆಲರ್' ಅನ್ನುವ ಹೆಸರಿಗೆ ಇಷ್ಟು ಬಿಗಿ ಇರಲಿಲ್ಲ. ಅದಕ್ಕೇ ಯಾರು ಬೇಕಾದರೂ ಆ ಹೆಸರು ಹಾಕಿಕೊಂಡು ಕೂತರು. 2021ರಲ್ಲಿ ಬಂದ ರಾಷ್ಟ್ರೀಯ ಅಲೈಡ್ ಮತ್ತು ಆರೋಗ್ಯ ವೃತ್ತಿಗಳ ಆಯೋಗದ ಕಾಯ್ದೆಯಲ್ಲಿ ಆರ್‌ಸಿಐ ಅಡಿ ಬರದ ಸೈಕಾಲಜಿಸ್ಟ್‌ಗಳು, ಕೌನ್ಸೆಲರ್‌ಗಳು, ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್‌ಗಳು ಸೇರಿದ್ದಾರೆ. ಅದರ ನಿಯಮಗಳ ಮೇಲೆ ಕಣ್ಣಿಡಿ.

ಇನ್ನೊಂದು ಮಾತು. ನಮ್ಮ ಕಡೆ ಬಿಳಿ ಗೋಡೆಯ ಕೋಣೆಯಲ್ಲಿ ಕೂತವರನ್ನೆಲ್ಲ ಜನ 'ಡಾಕ್ಟ್ರ' ಅನ್ನುತ್ತಾರೆ. ಮೊದಲ ಸಲವೇ ಮೆತ್ತಗೆ ತಿದ್ದಿ: "ನಾ ಡಾಕ್ಟ್ರ ಅಲ್ರಿ, ಕೌನ್ಸೆಲರ್. ಔಷಧ ಬರಿಯೂದಿಲ್ಲ, ಮಾತಾಡಿ ದಾರಿ ಹುಡುಕೂದು ನನ್ನ ಕೆಲಸ." ಇಷ್ಟು ಹೇಳಿದರೆ ಮುಂದಿನ ಗೊಂದಲ ಎಷ್ಟೋ ಕಡಿಮೆಯಾಗುತ್ತದೆ.

ಇಲ್ಲೇ ಹತ್ತಿರದಲ್ಲಿ ಎಲ್ಲಿ ಕಲಿಯಬಹುದು?

ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ಬ್ರಿಟಿಷರ ಕಾಲದ ಆಸ್ಪತ್ರೆಯಿಂದ ಬೆಳೆದು ಬಂದ ಸಂಸ್ಥೆ, ಈ ಭಾಗದ ಮಾನಸಿಕ ಆರೋಗ್ಯದ ದೊಡ್ಡ ಕೇಂದ್ರ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸೈಕಾಲಜಿ ಓದಬಹುದು. ಹುಬ್ಬಳ್ಳಿಯ ಕಿಮ್ಸ್ (ಈಗ ಕೆಎಂಸಿಆರ್‌ಐ), ಸತ್ತೂರಿನ ಎಸ್‌ಡಿಎಂ ಮೆಡಿಕಲ್ ಕಾಲೇಜು, ಗದಗದ ಜಿಮ್ಸ್, ಹಾವೇರಿಯ ಮೆಡಿಕಲ್ ಕಾಲೇಜು ಇವೆಲ್ಲ ಇದ್ದೇ ಇವೆ. ಇಂಟರ್ನ್‌ಶಿಪ್ ಅಥವಾ ವೀಕ್ಷಣೆಗೆ ಅವಕಾಶ ಇದೆಯಾ ಅಂತ ಖುದ್ದು ಹೋಗಿ ಮನೋವೈದ್ಯ ವಿಭಾಗದಲ್ಲಿ ಕೇಳಿ. ಫೋನಿಗಿಂತ ಮುಖತಃ ಹೋದವರಿಗೆ ಬೇಗ ಉತ್ತರ ಸಿಗುತ್ತದೆ.

ಕೋರ್ಸ್‌ಗಳ ಹೆಸರು, ರೂಪ ಈಗ ಬದಲಾಗುತ್ತಿವೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಎಂ.ಫಿಲ್ ಪದವಿಯನ್ನೇ ಕೈಬಿಟ್ಟಿತು. ಹಾಗಾಗಿ ಸೀನಿಯರ್ ಹೇಳಿದ್ದನ್ನೋ ಏಜೆಂಟ್ ಹೇಳಿದ್ದನ್ನೋ ನಂಬಿ ದುಡ್ಡು ಕಟ್ಟಬೇಡಿ. ಆರ್‌ಸಿಐ ವೆಬ್‌ಸೈಟಿನಲ್ಲಿ ಆ ವರ್ಷದ ಮಾನ್ಯತೆಯ ಪಟ್ಟಿ ನೋಡಿ.

ವಾರಾಂತ್ಯದ ಆನ್‌ಲೈನ್ ಸರ್ಟಿಫಿಕೇಟ್ ಕೋರ್ಸ್‌ಗಳು ಪ್ರಯೋಜನಕ್ಕೆ ಬರುತ್ತವಾ?

ಕೆಲವು ಬರುತ್ತವೆ, ಒಂದು ತಂತ್ರ ಕಲಿಯಲು. ಕೋರ್ಸ್ ಆಯ್ಕೆ ಮಾಡುವಾಗ ಒಂದೇ ಒಂದು ಪ್ರಶ್ನೆ ಕೇಳಿ: ನಾನು ಮಾಡುವ ಸೆಷನ್ ಅನ್ನು ಯಾರಾದರೂ ಕೇಳಿ ಅಥವಾ ನೋಡಿ ತಿದ್ದುತ್ತಾರಾ? ಇಲ್ಲ ಅಂದರೆ ಅದನ್ನು ಉಪನ್ಯಾಸ ಅಂದುಕೊಂಡು ಕೇಳಿ. ತರಬೇತಿ ಅಂದುಕೊಳ್ಳಬೇಡಿ.

ಸೂಪರ್‌ವಿಷನ್ ಅಂದರೆ ನಿಜವಾಗಿ ಏನು? ಬಾಸ್‌ಗೆ ವರದಿ ಒಪ್ಪಿಸುವುದಾ?

ಬಹಳ ಜನ ಹಾಗೇ ಅಂದುಕೊಂಡಿದ್ದಾರೆ. ವಾರಕ್ಕೊಮ್ಮೆ ಎಷ್ಟು ಕೇಸ್ ಆಯಿತು, ಎಷ್ಟು ಫೈಲ್ ಮುಚ್ಚಿತು ಅಂತ ಕೇಳುವುದು ಆಡಳಿತ. ಅದೂ ಬೇಕು, ಆದರೆ ಸೂಪರ್‌ವಿಷನ್‌ನಲ್ಲಿ ನೋಡುವುದು ಬೇರೆ: ನೀವು ಮತ್ತು ಕ್ಲೈಂಟ್ ನಡುವೆ ಆ ಕೋಣೆಯಲ್ಲಿ ಏನು ನಡೆಯಿತು ಅನ್ನುವುದನ್ನು. ಈ ಪದ್ಧತಿಗೆ ನೂರು ವರ್ಷ ದಾಟಿದೆ. 1920ರಲ್ಲಿ ಶುರುವಾದ ಬರ್ಲಿನ್‌ನ ಮನೋವಿಶ್ಲೇಷಣಾ ಸಂಸ್ಥೆಯಲ್ಲಿ ಪಾಠ, ಕಲಿಯುವವರು ತಮ್ಮದೇ ಮನಸ್ಸಿನ ವಿಶ್ಲೇಷಣೆ ಮಾಡಿಸಿಕೊಳ್ಳುವುದು, ಹಿರಿಯರ ಮೇಲ್ವಿಚಾರಣೆಯಲ್ಲಿ ಕೇಸು ಈ ಮೂರನ್ನೂ ಕಡ್ಡಾಯ ಮಾಡಿದರು. ಅಮೆರಿಕದ ಸೈಕಾಲಜಿಸ್ಟ್ ಕಾರ್ಲ್ ರೋಜರ್ಸ್ 1940ರ ದಶಕದ ಶುರುವಿನಲ್ಲಿ ಸೆಷನ್‌ಗಳನ್ನು ಧ್ವನಿಮುದ್ರಿಸಿ ವಿದ್ಯಾರ್ಥಿಗಳ ಜೊತೆ ಕೂತು ಕೇಳಿದರು. ಅಲ್ಲಿಯವರೆಗೆ ಥೆರಪಿಸ್ಟ್ ನೆನಪಿನಿಂದ ಹೇಳಿದ್ದೇ ಸತ್ಯ ಆಗಿತ್ತು.

ಒಂದು ಉದಾಹರಣೆ ಕೊಡುತ್ತೇನೆ. ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಪಿಎಸ್‌ಐ ಪರೀಕ್ಷೆಗೆ ಓದುತ್ತಿರುವ ಹುಡುಗ. ಓದು ತಲೆಗೆ ಹತ್ತುತ್ತಿಲ್ಲ, ನಿದ್ದೆ ಇಲ್ಲ. ಅವನ ಕೌನ್ಸೆಲರ್ ಹೊಸಬಳು. ಕೇಸ್ ಹೇಳುವಾಗ ಅವಳು ಅಂದಳು, "ಚೆನ್ನಾಗಿ ಹೋಯ್ತು ಮೇಡಂ. ಟೈಮ್‌ಟೇಬಲ್ ಹಾಕಿಕೊಟ್ಟೆ, ಉಸಿರಾಟದ ವ್ಯಾಯಾಮ ಹೇಳಿಕೊಟ್ಟೆ." ಅವನ ಒಪ್ಪಿಗೆ ಪಡೆದು ಮಾಡಿದ್ದ ರೆಕಾರ್ಡಿಂಗ್ ಹಾಕಿದೆವು. ಹುಡುಗ ಒಂದು ಕಡೆ ತಗ್ಗಿದ ದನಿಯಲ್ಲಿ ಹೇಳುತ್ತಾನೆ: "ಮನೀಗೆ ಫೋನ್ ಮಾಡೂದ ಬಿಟ್ಟೇನ್ರಿ. ಅಪ್ಪ ಹೊಲಾ ಲಾವಣಿಗೆ ಹಾಕಿ ರೊಕ್ಕ ಕಳಸ್ತಾನ." ಮರುಕ್ಷಣವೇ ಇವಳ ದನಿ: "ಹಾಂ, ದಿನಕ್ಕೆ ಎಷ್ಟು ತಾಸು ಓದ್ತೀರಿ?"

ನಾನು ರೆಕಾರ್ಡಿಂಗ್ ನಿಲ್ಲಿಸಿದೆ. ಅವಳಿಗೇ ಗೊತ್ತಾಯಿತು. ಅಪ್ಪನ ಹೊಲದ ಮಾತು ಬಂದಾಗ ನಿನಗೇನಾಯಿತು ಅಂತ ಕೇಳಿದೆ. ಸ್ವಲ್ಪ ಹೊತ್ತು ಬಿಟ್ಟು, "ಅದನ್ನ ಕೇಳಿದ್ರೆ ಏನು ಹೇಳಬೇಕು ಗೊತ್ತಾಗ್ಲಿಲ್ಲ, ಭಯ ಆಯ್ತು" ಅಂದಳು. ಮುಂದಿನ ಸೆಷನ್‌ನಲ್ಲಿ ಆ ಮಾತಿಗೇ ವಾಪಸ್ ಹೋಗಿ, "ಹೋದ ವಾರ ಅಪ್ಪನ ಬಗ್ಗೆ ಹೇಳಿದ್ರಿ, ನಾನು ಮುಂದಕ್ಕೆ ಓಡಿಬಿಟ್ಟೆ" ಅಂತ ಶುರು ಮಾಡಿದಳು. ಹುಡುಗ ಮುಕ್ಕಾಲು ತಾಸು ಮಾತಾಡಿದ. ಅವಳು ಬರೆದಿಟ್ಟ ಟಿಪ್ಪಣಿಯಲ್ಲಿ ಆ ಹೊಲದ ಮಾತು ಇರಲೇ ಇಲ್ಲ. ಭಯ ಆದ ಜಾಗ ಟಿಪ್ಪಣಿಯಿಂದ ತಾನಾಗಿ ಜಾರಿಹೋಗುತ್ತದೆ, ಅದಕ್ಕೇ ರೆಕಾರ್ಡಿಂಗ್ ಬೇಕು.

ಇಲ್ಲಿಯ ಜನ ರೆಕಾರ್ಡ್ ಮಾಡಲು ಒಪ್ಪುತ್ತಾರಾ?

ಕೇಳುವ ರೀತಿ ಸರಿ ಇದ್ದರೆ ಬಹಳ ಜನ ಒಪ್ಪುತ್ತಾರೆ. ಯಾಕೆ ಮಾಡುತ್ತೇವೆ, ಯಾರು ಕೇಳುತ್ತಾರೆ, ಯಾವಾಗ ಅಳಿಸುತ್ತೇವೆ ಅಂತ ಹೇಳಿ, ಬೇಡ ಅಂದರೂ ನಿಮ್ಮ ಚಿಕಿತ್ಸೆಗೆ ಏನೂ ತೊಂದರೆ ಇಲ್ಲ ಅಂತಲೂ ಹೇಳಿ, ಬರವಣಿಗೆಯಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. ಸ್ವಂತ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದು ಬೇಡವೇ ಬೇಡ. ಒಪ್ಪದವರ ಸೆಷನ್ ಮುಗಿದ ಕೂಡಲೇ ನೆನಪಿದ್ದಷ್ಟು ಮಾತನ್ನು, ನೀವು ಆಡಿದ್ದು ಅವರು ಆಡಿದ್ದು ಅಂತ ಸಾಲು ಸಾಲಾಗಿ ಬರೆದಿಡಿ.

ಅನುಭವ ಆಗ್ತಾ ಆಗ್ತಾ ತಾನಾಗೇ ಸರಿ ಹೋಗಲ್ವಾ?

ಎಲ್ಲರೂ ಹೀಗೇ ನಂಬುತ್ತಾರೆ, ಆದರೆ ಪುರಾವೆ ಬೇರೆ ಹೇಳುತ್ತದೆ. 2016ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನ 170 ಥೆರಪಿಸ್ಟ್‌ಗಳನ್ನು ಮತ್ತು ಅವರ 6,500ಕ್ಕೂ ಹೆಚ್ಚು ಕ್ಲೈಂಟ್‌ಗಳನ್ನು ವರ್ಷಗಟ್ಟಲೆ ಹಿಂಬಾಲಿಸಿತು. ವರ್ಷ ಕಳೆದಂತೆ ಫಲಿತಾಂಶ ಸರಾಸರಿಯಲ್ಲಿ ಸುಧಾರಿಸಲಿಲ್ಲ. ಬಹಳ ಸಣ್ಣ ಪ್ರಮಾಣದಲ್ಲಿ ಕುಸಿಯಿತು. ಕೆಲವರು ಮಾತ್ರ ನಿಜವಾಗಿಯೂ ಬೆಳೆದರು. ಅದೇ ವರ್ಷ ಕೆನಡಾದ ಕ್ಯಾಲ್ಗರಿಯ ಒಂದು ಕೌನ್ಸೆಲಿಂಗ್ ಕೇಂದ್ರದ ಲೆಕ್ಕ ಬಂತು. ಅಲ್ಲಿ ಪ್ರತಿ ಕ್ಲೈಂಟ್ ಸುಧಾರಿಸುತ್ತಿದ್ದಾರಾ ಅಂತ ಅಳೆದು, ಅದನ್ನು ಮುಂದಿಟ್ಟುಕೊಂಡು ಥೆರಪಿಸ್ಟ್‌ಗಳ ಜೊತೆ ಕೂತು ಮಾತಾಡುವ ವ್ಯವಸ್ಥೆ ಇತ್ತು. ಅಲ್ಲಿಯವರು ವರ್ಷದಿಂದ ವರ್ಷಕ್ಕೆ ಸ್ವಲ್ಪ ಸ್ವಲ್ಪವಾಗಿ ಸುಧಾರಿಸಿದರು.

ಇದರಲ್ಲಿ ಹೊಸಬರಿಗೆ ಧೈರ್ಯವೂ ಇದೆ. ನಿಮ್ಮ ಎದುರಿಗಿರುವ ಹಿರಿಯರು ಇಪ್ಪತ್ತು ವರ್ಷದಿಂದ ಕೆಲಸ ಮಾಡುತ್ತಿದ್ದಾರೆ ಅನ್ನುವ ಒಂದೇ ಕಾರಣಕ್ಕೆ ನೀವು ಕಡಿಮೆ ಅಲ್ಲ. ಯಾರೂ ನೋಡದೆ ಮಾಡಿದ ಕೆಲಸ ಇಪ್ಪತ್ತು ವರ್ಷವಾದರೂ ಹಾಗೇ ಇರಬಹುದು.

ಅಳೆಯಲು ದುಬಾರಿ ಸಾಧನ ಬೇಕಿಲ್ಲ. ಖಿನ್ನತೆಗೆ ಪಿಎಚ್‌ಕ್ಯೂ-9 ಇದೆ, ಕನ್ನಡದಲ್ಲೂ ಸಿಗುತ್ತದೆ. ಹಿಂದಿನ ಎರಡು ವಾರದ ಬಗ್ಗೆ 9 ಪ್ರಶ್ನೆ, ಒಂದೊಂದಕ್ಕೆ 0ಯಿಂದ 3 ಅಂಕ, ಒಟ್ಟು 27. ಓದಲು ಬಾರದವರಿಗೆ ನೀವೇ ಓದಿ ಹೇಳಿ. ಕೆಲವು ವಾರಗಳಾದರೂ ಅಂಕ ಕದಲದಿದ್ದರೆ ಆ ಕೇಸು ಸೂಪರ್‌ವಿಷನ್‌ಗೆ ಮೊದಲು ಹೋಗಬೇಕು.

ಮೊದಲ ಸೆಷನ್ ಅಂದರೆ ಕೈ ನಡುಗುತ್ತದೆ. ಏನು ಮಾಡಲಿ?

ನಡುಗಲಿ ಬಿಡಿ. ಹಿಂದಿನ ದಿನ ಸೂಪರ್‌ವೈಸರ್ ಜೊತೆ ಹತ್ತು ನಿಮಿಷ ಮೊದಲ ಮಾತುಗಳನ್ನು ಆಡಿ ನೋಡಿ: ಹೆಸರು, ಗೋಪ್ಯತೆ, ಎಷ್ಟು ಹೊತ್ತು, ಫೀಸು. ಮೊದಲ ಐದು ನಿಮಿಷ ಬಾಯಿಗೆ ಬಂದರೆ ಉಳಿದದ್ದು ಕೇಳಿಸಿಕೊಳ್ಳುವ ಕೆಲಸ. ಹೊಸಬರು ಹೆದರಿದಾಗ ಸಲಹೆ ಕೊಡಲು ಓಡುತ್ತಾರೆ. ಸಲಹೆ ಕೊಡಲು ಆ ಮನೆಯಲ್ಲಿ ಈಗಾಗಲೇ ಕಾಕಾ, ಮಾವ, ಸ್ವಾಮಿಗಳು ಎಲ್ಲರೂ ಇದ್ದಾರೆ. ನಿಮ್ಮ ಹತ್ತಿರ ಬಂದಿರುವುದು ಪೂರ್ತಿ ಕೇಳುವವರು ಸಿಗಲಿ ಅಂತ.

ಹೊಸಬ ಅಂತ ಕ್ಲೈಂಟ್‌ಗೆ ಹೇಳಲೇಬೇಕಾ? ಹೇಳಿದರೆ ಎದ್ದು ಹೋಗ್ತಾರಲ್ವಾ?

ಹೇಳಬೇಕು. ತರಬೇತಿಯಲ್ಲಿದ್ದೀರಿ, ನಿಮ್ಮ ಕೆಲಸವನ್ನು ಹಿರಿಯರೊಬ್ಬರು ನೋಡುತ್ತಾರೆ ಅನ್ನುವುದು ಅವರಿಗೆ ಗೊತ್ತಿರಬೇಕಾದ ವಿಷಯ. "ನಾನು ತರಬೇತಿಯಲ್ಲಿದ್ದೇನೆ, ಪ್ರತಿ ವಾರ ಒಬ್ಬ ಹಿರಿಯರ ಜೊತೆ ಕೂತು ನನ್ನ ಕೆಲಸ ಪರಿಶೀಲಿಸುತ್ತೇನೆ. ಅಲ್ಲಿ ನಿಮ್ಮ ಹೆಸರು ಹೇಳುವುದಿಲ್ಲ." ತಲೆ ತಗ್ಗಿಸಿ ಕ್ಷಮೆ ಕೇಳುವ ದನಿಯಲ್ಲಿ ಹೇಳಬೇಡಿ. ಎದ್ದು ಹೋಗುವವರು ಬಹಳ ಕಡಿಮೆ. ಇಬ್ಬರು ತಮ್ಮ ಬಗ್ಗೆ ಯೋಚನೆ ಮಾಡುತ್ತಾರೆ ಅಂತ ಸಮಾಧಾನ ಪಡುವವರೇ ಜಾಸ್ತಿ. ಒಬ್ಬರು ಎದ್ದು ಹೋದರೂ ಅದು ಅವರ ಹಕ್ಕು. ಬೇರೆ ಯಾರ ಹತ್ತಿರ ಹೋಗಬಹುದು ಅಂತ ಹೇಳಿ ಕಳಿಸಿ.

"ನಿಮಗ ಮದಿವಿ ಆಗೇತೇನ್ರಿ?" ಅಂತ ಕೇಳ್ತಾರೆ. ಏನು ಉತ್ತರ ಕೊಡಲಿ?

ಈ ಪ್ರಶ್ನೆ ಬರದ ಹೊಸ ಕೌನ್ಸೆಲರ್ ನಮ್ಮ ಕಡೆ ಇಲ್ಲವೇ ಇಲ್ಲ. ಹಾವೇರಿ ಕಡೆಯ ಒಬ್ಬ ನಡುವಯಸ್ಸಿನ ಹೆಂಗಸು, ಗಂಡನ ಕುಡಿತದಿಂದ ಸೋತು ಬಂದವರು. ಎದುರಿಗೆ 24ರ ಹುಡುಗಿ. ಮೊದಲ ಮಾತೇ ಇದು. ಪುಸ್ತಕ ಓದಿದವರು "ನೀವು ಇದನ್ನು ಯಾಕೆ ಕೇಳುತ್ತಿದ್ದೀರಿ?" ಅಂತ ತಿರುಗಿಸಿ ಕೇಳಿಬಿಡುತ್ತಾರೆ. ನಮ್ಮ ಜನಕ್ಕೆ ಅದು ಬಾಗಿಲು ಹಾಕಿದ ಹಾಗೆ ಕೇಳಿಸುತ್ತದೆ. ಅವರು ಕೇಳುತ್ತಿರುವುದು ಕೆಟ್ಟ ಕುತೂಹಲದಿಂದಲ್ಲ. ನನ್ನ ಸಂಕಟ ಈ ಹುಡುಗಿಗೆ ತಿಳಿಯುತ್ತದಾ ಅನ್ನುವ ಚಿಂತೆ.

ಆ ಹುಡುಗಿ ಹೇಳಿದ್ದು ನನಗೆ ಬಹಳ ಇಷ್ಟವಾಯಿತು: "ಇಲ್ರೀ ಅಕ್ಕಾ, ಆಗಿಲ್ಲ. ನಿಮ್ಮಷ್ಟು ಸಂಸಾರ ನಾ ನೋಡಿಲ್ಲ. ನೀವು ಹೇಳಿದ್ರ ತಿಳ್ಕೋತೀನಿ, ತಿಳೀಲಿಲ್ಲ ಅಂದ್ರ ಕೇಳ್ತೀನಿ." ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ಹೇಳಲು ಶುರು ಮಾಡಿದರು. ಚಿಕ್ಕದಾಗಿ ನಿಜ ಹೇಳಿ, ಅವರ ಕಡೆಗೇ ತಿರುಗಿ. ನಿಮ್ಮ ಮನೆಯ ಕಥೆ ಬಿಚ್ಚುವುದು ಬೇಡ. ಜಾತಿ ಕೇಳಿದರೆ ಮಾತ್ರ ಉತ್ತರ ಕೊಡಬೇಕಿಲ್ಲ. "ಯಾರು ಬಂದ್ರೂ ಇಲ್ಲಿ ಒಂದೇ" ಅಂದು ಮುಂದಕ್ಕೆ ಹೋಗಿ. ಸೂಪರ್‌ವಿಷನ್‌ನಲ್ಲಿ ಆ ಪ್ರಶ್ನೆ ನಿಮ್ಮನ್ನು ಹೇಗೆ ತಟ್ಟಿತು ಅಂತ ಮಾತಾಡಿ, ಅದನ್ನು ಒಬ್ಬರೇ ಹೊತ್ತುಕೊಂಡು ಮನೆಗೆ ಹೋಗಬೇಡಿ.

ಕ್ಲೈಂಟ್ ಸಾಯುವ ಮಾತಾಡಿದರೆ?

ಹೊಸಬರಿಗೆ ಅತಿ ಹೆಚ್ಚು ಭಯ ಇರುವುದು ಇದರ ಬಗ್ಗೆ. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನೇರವಾಗಿ ಕೇಳಿ. "ಸಾಯಬೇಕು ಅನ್ನಿಸುತ್ತದಾ? ಹೇಗೆ ಅಂತ ಯೋಚನೆ ಮಾಡಿದ್ದೀರಾ?" ಕೇಳಿದರೆ ಆ ಯೋಚನೆ ತಲೆಗೆ ಹಾಕಿದಂತಾಗುತ್ತದೆ ಅನ್ನುವುದು ತಪ್ಪು ತಿಳುವಳಿಕೆ. ಕೇಳದೇ ಬಿಟ್ಟರೆ ಆ ಮನುಷ್ಯ ಆ ಯೋಚನೆಯ ಜೊತೆ ಒಬ್ಬನೇ ಉಳಿಯುತ್ತಾನೆ. ಪಿಎಚ್‌ಕ್ಯೂ-9ರ ಒಂಬತ್ತನೇ ಪ್ರಶ್ನೆ ಇದರ ಬಗ್ಗೆಯೇ ಇದೆ. ಅದಕ್ಕೆ 1 ಅಂಕ ಹಾಕಿದ್ದರೂ ಹಾಳೆ ಮಡಚಿಡಬೇಡಿ, ಮಾತಾಡಿ.

ನಮ್ಮ ಭಾಗ ಒಕ್ಕಲುತನದ ಭಾಗ. ಮೆಣಸಿನಕಾಯಿ, ಹತ್ತಿ, ಗೋವಿನಜೋಳ ಬೆಳೆಯುವ ಮನೆಗಳಲ್ಲಿ ಬೆಳೆಗೆ ಹೊಡೆಯುವ ಎಣ್ಣೆ ಕೈಗೆ ಸಿಗುವ ಜಾಗದಲ್ಲೇ ಇರುತ್ತದೆ. ಹಾಗಾಗಿ ಮನೆಯಲ್ಲಿ ಅದು ಎಲ್ಲಿದೆ ಅಂತ ಕೇಳುವುದು ನಿಮ್ಮ ಕೆಲಸದ ಭಾಗ. ಕ್ಲೈಂಟ್ ಒಪ್ಪಿಗೆ ಪಡೆದು ಮನೆಯವರೊಬ್ಬರನ್ನು ಕರೆಸಿ, ಆ ಡಬ್ಬಿಗಳನ್ನು ಬೀಗ ಹಾಕಿಡುವ ಅಥವಾ ಬೇರೆಯವರ ಮನೆಯಲ್ಲಿ ಇಡುವ ಏರ್ಪಾಡು ಮಾಡಿ. ಆ ಗಳಿಗೆ ದಾಟಿದರೆ ಬಹಳ ಜನ ಬದುಕಿ ಉಳಿಯುತ್ತಾರೆ. ಈ ಸಣ್ಣ ಕೆಲಸ ಜೀವ ಉಳಿಸುತ್ತದೆ ಅಂತ ನಾನು ಪೂರ್ತಿ ನಂಬಿದ್ದೇನೆ.

"ಯಾರಿಗೂ ಹೇಳಬ್ಯಾಡ್ರಿ" ಅಂದಾಗ ಆಣೆ ಮಾಡಬೇಡಿ. ಜೀವಕ್ಕೆ ಅಪಾಯ ಇದ್ದಾಗ ಅದನ್ನು ತಪ್ಪಿಸಲು ಬೇಕಾದಷ್ಟು ಮಾತ್ರ ಮಾಹಿತಿ ಹೇಳಬಹುದು ಅಂತ 2017ರ ಕಾಯ್ದೆಯ 23ನೇ ಕಲಂನಲ್ಲೇ ಇದೆ. ಅದೇ ಕಾಯ್ದೆಯ 115ನೇ ಕಲಂ ಪ್ರಕಾರ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಮೊದಲು ಭಾವಿಸಬೇಕು. ಪೊಲೀಸ್ ಕೇಸ್ ಆಗುತ್ತದೆ ಅನ್ನುವ ಭಯದಿಂದ ಆಸ್ಪತ್ರೆಗೆ ಹೋಗದವರಿಗೆ ಇದನ್ನು ಹೇಳಿ.

ಆ ದಿನವೇ ಸೂಪರ್‌ವೈಸರ್‌ಗೆ ಫೋನ್ ಮಾಡಿ. ಮುಂದಿನ ವಾರದ ಮೀಟಿಂಗ್‌ಗೆ ಕಾಯಬೇಡಿ. ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದ್ದಕ್ಕೆ ಬೇಜಾರು ಮಾಡಿಕೊಳ್ಳುವ ಸೂಪರ್‌ವೈಸರ್ ನಿಮಗೆ ಬೇಡ. ಕ್ಲೈಂಟ್‌ಗೆ ಟೆಲಿ ಮನಸ್ ನಂಬರ್ 14416 ಬರೆದುಕೊಡಿ. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಸಹಾಯವಾಣಿ, ಉಚಿತ, ದಿನದ 24 ತಾಸೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಅಪಾಯ ತಕ್ಷಣದ್ದಾದರೆ ಹತ್ತಿರದ ಆಸ್ಪತ್ರೆಗೆ ನೀವೇ ಮಾತಾಡಿ, ಅವರನ್ನು ಒಬ್ಬರೇ ಕಳಿಸಬೇಡಿ.

ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದರೆ?

2012ರ ಪೋಕ್ಸೋ ಕಾಯ್ದೆಯ 19ನೇ ಕಲಂ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಗೋಪ್ಯತೆಯ ಕಾರಣ ಕೊಡಲು ಬರುವುದಿಲ್ಲ. ಮಕ್ಕಳ ಸಹಾಯವಾಣಿ 1098. ಒಬ್ಬರೇ ಮಾಡಬೇಡಿ, ಸೂಪರ್‌ವೈಸರ್ ಮತ್ತು ಸಂಸ್ಥೆ ಜೊತೆಗಿರಲಿ, ಆದರೆ ಅವರಿಗಾಗಿ ಕಾಯುತ್ತಾ ತಡ ಮಾಡಬೇಡಿ.

ಎದೆ ಬಡಿತ, ತಲೆಸುತ್ತು ಅಂತ ಬರುವವರೇ ಜಾಸ್ತಿ. ಇದೆಲ್ಲ ಮನಸ್ಸಿನದೇ ಅಂತ ಹೇಗೆ ಗೊತ್ತಾಗಬೇಕು?

ನಿಮಗೆ ಗೊತ್ತಾಗುವುದಿಲ್ಲ, ಗೊತ್ತು ಅಂದುಕೊಳ್ಳಲೂಬಾರದು. "ಎದಿ ಹಾರ್ತದ್ರಿ, ಕೈಕಾಲಾಗ ಬಲಾ ಇಲ್ಲ" ಅನ್ನುವವರಿಗೆ ರಕ್ತಹೀನತೆ ಇರಬಹುದು, ಥೈರಾಯ್ಡ್ ಇರಬಹುದು, ಹೃದಯದ್ದೂ ಇರಬಹುದು. ಮೊದಲು ವೈದ್ಯರಿಗೆ ತೋರಿಸಿದ್ದಾರಾ ಕೇಳಿ. ಇಲ್ಲದ ಮಾತು ಕೇಳಿಸುತ್ತದೆ, ವಾರಗಟ್ಟಲೆ ನಿದ್ದೆಯಿಲ್ಲದೆ ಹುರುಪಿನಲ್ಲಿದ್ದಾರೆ, ಊಟ ಪೂರ್ತಿ ಬಿಟ್ಟಿದ್ದಾರೆ ಅಂದರೆ ಮನೋವೈದ್ಯರ ಹತ್ತಿರ ಕಳಿಸಿ.

ಕಳಿಸುವ ಮಾತು ಮಾತ್ರ ಎಚ್ಚರದಿಂದ ಆಡಿ. ನಮ್ಮ ಕಡೆ "ಇವನ್ನ ಧಾರವಾಡಕ್ಕ ಕಳಸ್ರಿ" ಅನ್ನುವುದು ಬೈಗುಳ. ನೀವು ಒಳ್ಳೆಯ ಮನಸ್ಸಿನಿಂದ "ಧಾರವಾಡಕ್ಕೆ ಹೋಗಿ ತೋರಿಸಿ" ಅಂದರೆ ಮನೆಯವರಿಗೆ ಹುಚ್ಚ ಅಂದ ಹಾಗೆ ಕೇಳಿಸಬಹುದು. ಯಾಕೆ ಕಳಿಸುತ್ತಿದ್ದೀರಿ, ಅಲ್ಲಿ ಏನು ಮಾಡುತ್ತಾರೆ, ಬಂದ ಮೇಲೂ ನೀವು ನೋಡುತ್ತೀರಿ ಅಂತ ಬಿಡಿಸಿ ಹೇಳಿ. ಗದಗ, ಹಾವೇರಿಯಲ್ಲೂ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಇದೆ ಅನ್ನುವುದೂ ನೆನಪಿರಲಿ. ದೇಶದಲ್ಲಿ ಆ ಕಾರ್ಯಕ್ರಮಕ್ಕೆ ಮಾದರಿಯಾಗಿದ್ದು 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮ ಪಕ್ಕದ ಬಳ್ಳಾರಿಯಲ್ಲಿ ಮಾಡಿದ ಪ್ರಯೋಗ.

ನನ್ನ ಊರಿನಲ್ಲಿ ಸೂಪರ್‌ವೈಸರ್ ಯಾರೂ ಇಲ್ಲ. ಏನು ಮಾಡಲಿ?

ರಾಣೆಬೆನ್ನೂರು, ರೋಣ, ಹಾನಗಲ್, ಮುಂಡರಗಿಯವರೆಲ್ಲ ಕೇಳುವ ಪ್ರಶ್ನೆ. ಬೆಂಗಳೂರಿನವರಿಗೆ ಈ ಒಂಟಿತನ ಅರ್ಥವಾಗುವುದು ಕಷ್ಟ. ಎರಡು ದಾರಿ ಇದೆ, ಎರಡನ್ನೂ ಹಿಡಿಯಿರಿ.

ಮೊದಲನೆಯದು ಆನ್‌ಲೈನ್ ಸೂಪರ್‌ವಿಷನ್. ಹದಿನೈದು ದಿನಕ್ಕೊಂದು ತಾಸು ಸಿಕ್ಕರೂ ಸಾಕು, ಆದರೆ ದಿನ ಮತ್ತು ಹೊತ್ತು ಗೊತ್ತುಮಾಡಿಕೊಳ್ಳಿ. "ಬೇಕಾದಾಗ ಫೋನ್ ಮಾಡು" ಅನ್ನುವ ಏರ್ಪಾಡಿನಲ್ಲಿ ಯಾರೂ ಫೋನ್ ಮಾಡುವುದಿಲ್ಲ. ನಮ್ಮ ಜನರ ಜೊತೆ ಕೆಲಸ ಮಾಡಿದವರಾದರೆ ಒಳ್ಳೆಯದು.

ಎರಡನೆಯದು ನಾಲ್ಕೈದು ಹೊಸಬರೇ ಸೇರಿ ಮಾಡುವ ಗುಂಪು. ಹೊಸಬರು ಹೊಸಬರಿಗೆ ಏನು ಕಲಿಸುತ್ತಾರೆ ಅನ್ನಬೇಡಿ. ಪಕ್ಕದ ಗೋವಾದಲ್ಲಿ ಇದನ್ನು ಮಾಡಿ ತೋರಿಸಿದ್ದಾರೆ. ಅಲ್ಲಿ ಸೈಕಾಲಜಿ ಓದದ ಸಾಮಾನ್ಯ ಜನರಿಗೆ ತರಬೇತಿ ಕೊಟ್ಟು, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತೀವ್ರ ಖಿನ್ನತೆ ಇದ್ದವರಿಗೆ 6ರಿಂದ 8 ಸೆಷನ್‌ನ ಚಿಕಿತ್ಸೆ ಕೊಡಿಸಿದರು. ಮಾಮೂಲಿ ಆರೈಕೆ ಮಾತ್ರ ಪಡೆದವರಿಗಿಂತ ಇವರಲ್ಲಿ ಹೆಚ್ಚು ಜನ ಚೇತರಿಸಿಕೊಂಡರು ಅಂತ 2017ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಆ ಕೌನ್ಸೆಲರ್‌ಗಳು ಗುಂಪಾಗಿ ಕೂತು ಒಬ್ಬರ ರೆಕಾರ್ಡಿಂಗ್ ಅನ್ನು ಎಲ್ಲರೂ ಕೇಳಿ, ಒಂದು ನಿಗದಿಯಾದ ಮಾಪನದಲ್ಲಿ ಅಂಕ ಕೊಟ್ಟು, ಯಾಕೆ ಆ ಅಂಕ ಅಂತ ಚರ್ಚೆ ಮಾಡುತ್ತಿದ್ದರು. ದಿನ ಕಳೆದಂತೆ ಅವರ ಅಂಕ ಪರಿಣತರ ಅಂಕಕ್ಕೆ ಹತ್ತಿರವಾಯಿತು.

ನಿಮ್ಮ ಗುಂಪಿಗೂ ಹೀಗೇ ಕಟ್ಟು ಇರಲಿ. ಒಂದು ಸಲಕ್ಕೆ ಒಬ್ಬರ ಕೇಸು. ಹೇಳುವವರು ಮೊದಲು ತಮ್ಮ ಪ್ರಶ್ನೆ ಹೇಳಲಿ, ಆಮೇಲೆ ಕಥೆ. ಉಳಿದವರು "ನಾನಾಗಿದ್ರೆ ಹೀಗೆ ಮಾಡ್ತಿದ್ದೆ" ಅಂತ ಶುರು ಮಾಡದೆ, ಏನು ಕೇಳಿಸಿತು ಅಂತ ಮೊದಲು ಹೇಳಲಿ. ತಿಂಗಳಿಗೊಮ್ಮೆಯಾದರೂ ಒಬ್ಬ ಅನುಭವಿಯನ್ನು ಕರೆಸಿ. ಆತ್ಮಹತ್ಯೆಯ ಅಪಾಯ ಇರುವ ಕೇಸನ್ನು ಗುಂಪಿನ ಭರವಸೆಯ ಮೇಲೆ ಇಟ್ಟುಕೊಳ್ಳಬೇಡಿ.

ಸಣ್ಣ ಊರು. ಕ್ಲೈಂಟ್ ನಮ್ಮ ಓಣಿಯವರೇ ಆಗಿರ್ತಾರೆ. ಆಗ?

ಹತ್ತಿರದ ಬಳಗವಾದರೆ ಬೇರೆಯವರ ಹತ್ತಿರ ಕಳಿಸಿ. ಬರೀ ಮುಖಪರಿಚಯ ಆದರೆ ಮೊದಲೇ ಮಾತಾಡಿಕೊಳ್ಳಿ: "ಜಾತ್ರ್ಯಾಗೋ ಮದಿವ್ಯಾಗೋ ಸಿಕ್ರ ನಾ ಮೊದ್ಲ ಮಾತಾಡ್ಸೂದಿಲ್ಲ. ನೀವು ಮಾತಾಡ್ಸಿದ್ರ ನಮಸ್ಕಾರ ಅಂತೀನಿ." ಇಲ್ಲದಿದ್ದರೆ ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ನಿಮ್ಮನ್ನು ನೋಡಿ ಮುಖ ತಿರುಗಿಸಿಕೊಂಡು, ಮುಂದಿನ ವಾರ ಬರುವುದನ್ನೇ ಬಿಡುತ್ತಾರೆ. ಸೂಪರ್‌ವಿಷನ್‌ನಲ್ಲೂ ಬರೀ ಹೆಸರು ಬದಲಿಸಿದರೆ ಸಾಲದು. ಊರು, ಅಂಗಡಿ, ಅಡ್ಡಹೆಸರು ಯಾವುದೂ ಬೇಡ, ಒಂದು ಅಡ್ಡಹೆಸರು ಸಾಕು ಇಲ್ಲಿ ಮನೆ ಹಿಡಿಯಲು. ಸೂಪರ್‌ವೈಸರ್‌ಗೇ ಆ ಮನೆ ಗೊತ್ತಿದೆ ಅನ್ನಿಸಿದರೆ ಆ ಕೇಸಿಗೆ ದೂರದ ಸೂಪರ್‌ವೈಸರ್ ಹುಡುಕಿ.

ಕ್ಲೈಂಟ್ ಎರಡು ಸಲ ಬಂದು ನಿಲ್ಲಿಸಿಬಿಟ್ಟರು. ನನ್ನಿಂದಲೇ ಹಾಗಾಯ್ತಾ?

ಇರಬಹುದು, ಇಲ್ಲದಿರಬಹುದು. ಸುಗ್ಗಿ ಇರಬಹುದು, ಬಸ್ ಖರ್ಚು ಇರಬಹುದು, ಅತ್ತೆಗೆ ಗೊತ್ತಾಗಿರಬಹುದು. ಒಂದು ಸಲ ಫೋನ್ ಮಾಡಿ ಕೇಳಿ, ಒತ್ತಾಯ ಬೇಡ. ಕೊನೆಯ ಸೆಷನ್‌ನ ಟಿಪ್ಪಣಿ ಸೂಪರ್‌ವಿಷನ್‌ಗೆ ತನ್ನಿ.

ಸಂಸ್ಥೆಯವರು ಸಂಬಳ ಇಲ್ಲದೆ 'ಅನುಭವ ಸಿಗುತ್ತೆ' ಅಂತ ಕೆಲಸ ಮಾಡಿಸುತ್ತಾರೆ. ಸರಿನಾ?

ವಾರಕ್ಕೆ ನಿಗದಿಯಾದ ಸೂಪರ್‌ವಿಷನ್, ಕೇಸುಗಳ ಮಿತಿ, ತುರ್ತು ಹೊತ್ತಿನಲ್ಲಿ ಬೆನ್ನಿಗೆ ಯಾರು ನಿಲ್ಲುತ್ತಾರೆ ಅನ್ನುವ ಮಾತು, ಇಷ್ಟು ಬರವಣಿಗೆಯಲ್ಲಿ ಕೊಟ್ಟರೆ ಕೆಲವು ತಿಂಗಳ ಮಟ್ಟಿಗೆ ಯೋಚಿಸಬಹುದು. ದಿನಕ್ಕೆ ಎಂಟು ಹತ್ತು ಜನರನ್ನು ಒಬ್ಬ ಹೊಸಬಳ ಮುಂದೆ ಕೂರಿಸಿ, ಸಂಬಳವೂ ಇಲ್ಲ, ಕೇಳುವವರೂ ಇಲ್ಲ ಅಂದರೆ ಅದು ಶೋಷಣೆ. ಇದರಲ್ಲಿ ನಿಮಗಿಂತ ಹೆಚ್ಚು ನಷ್ಟ ಆಗುವುದು ಕ್ಲೈಂಟ್‌ಗಳಿಗೆ. ಬಿಟ್ಟು ಬನ್ನಿ, ಬರುವಾಗ ನಿಮ್ಮ ಕ್ಲೈಂಟ್‌ಗಳನ್ನು ಸರಿಯಾಗಿ ಇನ್ನೊಬ್ಬರ ಕೈಗೆ ಒಪ್ಪಿಸಿ ಬನ್ನಿ.

ನನ್ನ ಸೂಪರ್‌ವೈಸರ್ ಎಲ್ಲರ ಮುಂದೆ ಬೈಯುತ್ತಾರೆ. ಗುರುಗಳು ಅಂತ ಸುಮ್ಮನಿದ್ದೇನೆ.

ಗುರುಗಳ ಮೇಲೆ ನಮಗಿರುವ ಗೌರವ ದೊಡ್ಡದು, ಅದು ಇರಲಿ. ಆದರೆ ಬೈಸಿಕೊಳ್ಳುವ ಹೊಸಬರು ಕಲಿಯುವುದು ಒಂದನ್ನೇ: ಮುಚ್ಚಿಡುವುದನ್ನು. ಕೆಟ್ಟದಾಗಿ ಹೋದ ಸೆಷನ್ ಬಿಟ್ಟು ಚೆನ್ನಾಗಿ ಹೋದದ್ದನ್ನೇ ಹೇಳುತ್ತಾರೆ. ಆಗ ಸೂಪರ್‌ವಿಷನ್ ಇದ್ದೂ ಇಲ್ಲದಂತೆ, ಮತ್ತು ಕ್ಲೈಂಟ್‌ಗೆ ಅದು ಅಪಾಯ.

ಮೊದಲು ಖಾಸಗಿಯಾಗಿ ಕೇಳಿ ನೋಡಿ: "ಸರ್, ತಪ್ಪು ಹೇಳಿ, ತಿದ್ದಿಕೊಳ್ಳುತ್ತೇನೆ. ಒಬ್ಬಳಿಗೇ ಹೇಳಿದರೆ ಇನ್ನೂ ಚೆನ್ನಾಗಿ ಕಲಿಯಬಲ್ಲೆ." ಬದಲಾಗದಿದ್ದರೆ ಸಂಸ್ಥೆಯಲ್ಲಿ ಬೇರೆಯವರನ್ನು ಕೇಳಿ. ಲೈಂಗಿಕವಾಗಿ ಮೈಮೇಲೆ ಬೀಳುವುದು, ಅಂಕ ಅಥವಾ ಸರ್ಟಿಫಿಕೇಟ್ ಹಿಡಿದು ಬೆದರಿಸುವುದು ಇದ್ದರೆ ಕಾಯಬೇಡಿ, ಸಂಸ್ಥೆಯ ಆಂತರಿಕ ದೂರು ಸಮಿತಿಗೆ ಬರೆಯಿರಿ. ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಇಂಟರ್ನ್‌ಗಳಿಗೂ ಅನ್ವಯಿಸುತ್ತದೆ.

ಹಿರಿಯರಿಗೂ ಒಂದು ಮಾತು. ನಿಮ್ಮ ಹತ್ತಿರ ಬರುವ ಹುಡುಗರು ತಮ್ಮ ಕೆಲಸದ ಅತ್ಯಂತ ನಾಚಿಕೆಯ ಜಾಗವನ್ನು ನಿಮಗೆ ತೋರಿಸುತ್ತಿದ್ದಾರೆ. ತಿದ್ದುವ ಮೊದಲು ತೋರಿಸಿದ್ದಕ್ಕೆ ಒಳ್ಳೆಯದಾಯಿತು ಅನ್ನಿ.

ನನಗೂ ಥೆರಪಿ ಬೇಕಾ?

ಎಲ್ಲರಿಗೂ ಕಡ್ಡಾಯ ಅಂತ ನಾನು ಹೇಳುವುದಿಲ್ಲ. ಒಂದು ಥರದ ಕೇಸು ಬಂದಾಗಲೆಲ್ಲ ನಿದ್ದೆ ಹೋಗುತ್ತಿದ್ದರೆ, ಮನೆಯವರ ಮೇಲೆ ಸಿಟ್ಟು ಜಾಸ್ತಿ ಆಗುತ್ತಿದ್ದರೆ ಹೋಗಿ. ಸೂಪರ್‌ವೈಸರ್ ನಿಮ್ಮ ಥೆರಪಿಸ್ಟ್ ಆಗಬಾರದು. ಎರಡಕ್ಕೂ ಬೇರೆ ಬೇರೆ ಜನ ಬೇಕು.

ನಾನು ಕ್ಲೈಂಟ್. ನನ್ನ ಕೌನ್ಸೆಲರ್ ಬಹಳ ಸಣ್ಣವರು ಅನ್ನಿಸುತ್ತದೆ. ಬದಲಿಸಬೇಕಾ?

ವಯಸ್ಸು ನೋಡಿ ಬದಲಿಸಬೇಡಿ. ಏನು ಓದಿದ್ದೀರಿ, ನಿಮ್ಮ ಕೆಲಸವನ್ನು ಯಾರು ನೋಡುತ್ತಾರೆ, ನನ್ನ ಸಮಸ್ಯೆ ನಿಮ್ಮ ಕೈಮೀರಿದರೆ ಯಾರ ಹತ್ತಿರ ಕಳಿಸುತ್ತೀರಿ ಅಂತ ಕೇಳಿ. ಹೀಗೆ ಕೇಳುವುದು ಅಗೌರವ ಅಲ್ಲ, ನಿಮ್ಮ ಹಕ್ಕು. ಮುಜುಗರ ಪಡದೆ ನೇರವಾಗಿ ಉತ್ತರ ಕೊಟ್ಟರೆ ಮೂರ್ನಾಲ್ಕು ಸಲ ಹೋಗಿ ನೋಡಿ. ಅಷ್ಟರಲ್ಲಿ ನಿಮ್ಮ ಮಾತು ಅವರಿಗೆ ತಲುಪುತ್ತಿದೆಯಾ ಇಲ್ಲವಾ ಅಂತ ತಿಳಿಯುತ್ತದೆ. ತಲುಪುತ್ತಿಲ್ಲ ಅನ್ನಿಸಿದರೆ ಸುಮ್ನೆ ಹೋಗುವುದು ಬಿಡುವ ಬದಲು ಅದನ್ನು ಅವರಿಗೇ ಹೇಳಿ. ಅವರು ಅದನ್ನು ತಮ್ಮ ಸೂಪರ್‌ವಿಷನ್‌ಗೆ ಒಯ್ಯುತ್ತಾರೆ, ಮುಂದಿನ ಸಲ ನಿಮ್ಮ ಜೊತೆ ಬೇರೆ ರೀತಿಯಲ್ಲಿ ಕೂತುಕೊಳ್ಳಲು ಅವರಿಗೆ ದಾರಿ ಸಿಗುತ್ತದೆ.